ಬಾತಿಯ ಏರು

“ಹರಿಹರ ಮುಟ್ಟತೈತಾ ಇದು?”

ಮೆಕ್ಯಾನಿಕ್ ಹಯಾತ್ ಸಾಬ್ ಕೇಳಿದ್ದು ಯಾರನ್ನೂ ಅಲ್ಲ. ಟೆಂಪೊದ ಬಾನೆಟ್ ಎತ್ತಿ, ಆಯಿಲ್ ಕಡ್ಡಿಯನ್ನು ಒರೆಸಿ, ಮತ್ತೆ ಅದ್ದಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದವರ ಬಾಯಿಂದ ತಾನಾಗಿ ಜಾರಿದ ಮಾತು ಅದು. ಹಿಂದೆ ಅಂಜನಕುಮಾರ ಅಪ್ಪನ ಚಟ್ಟವನ್ನು ಹಗ್ಗದಿಂದ ಬಿಗಿಯುತ್ತಿದ್ದ. ಇಷ್ಟು ವರ್ಷ ಮಂಡಕ್ಕಿ ಚೀಲಗಳನ್ನು ಬಿಗಿದ ಹಗ್ಗವೇ. ಗಂಡನ ತಲೆದೆಸೆಯಲ್ಲಿ ಕೂತಿದ್ದ ಓಬವ್ವನಿಗೆ ಸಾಬರ ಮಾತು ಕೇಳಿಸಿತು.

ತಾನು ಹೋದ ದಿನ ತನ್ನ ಗಾಡಿಯಲ್ಲೇ ಹೊಳೆಗೆ ಒಯ್ಯಬೇಕೆಂದು ಮೈಲಪ್ಪ ಹೇಳಿಟ್ಟಿದ್ದ. ಅವನ ಅಪ್ಪ ಅವ್ವ ಬೂದಿಯಾದದ್ದೂ ಹರಿಹರದ ಹೊಳೆದಂಡೆಯಲ್ಲೇ. ಓಬವ್ವ ಹೂಂ ಅಂದಿದ್ದಳು. ಈಗ ಹೊತ್ತು ಮುಳುಗುವುದರೊಳಗೆ ಅಲ್ಲಿಗೆ ಮುಟ್ಟಬೇಕು, ಅಷ್ಟೇ. ಆದರೆ ಮೈಲಪ್ಪನ ಅಕ್ಕ ಯಲ್ಲಕ್ಕ ಬೆಳಗಿನಿಂದ ಒಂದೇ ಮಾತು ಹಿಡಿದಿದ್ದಳು.

“ಬ್ಯಾರೆ ವ್ಯಾನ್ ಕರೆಸ್ರಿ. ಇದು ದಾರ್ಯಾಗ ನಿಂತ್ರ ಏನ್ಮಾಡ್ತೀರಿ? ಎತ್ತಿದ ಹೆಣ ಹಿಂದಕ್ಕ ತರಂಗಿಲ್ಲ.”

“ನಿಮ್ಮ ತಮ್ಮ ಹೇಳಿದ್ದು ನಿಮ್ಮ ಮುಂದೇ ಅಲ್ವಾ ಯಲ್ಲಕ್ಕ,” ಅಂದಳು ಓಬವ್ವ. ಯಲ್ಲಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಗಾಡಿ ಹತ್ತಿದಳು.

ಮಂಡಕ್ಕಿ ಭಟ್ಟಿಯ ಮಾಲೀಕ ತಿಪ್ಪೇರುದ್ರಪ್ಪ, ದಾರಿಗುಂಟ ಎರಚಲೆಂದು ಒಂದು ಚೀಲ ಮಂಡಕ್ಕಿ ತಂದಿದ್ದರು. ಅದನ್ನು ಚಟ್ಟದ ಪಕ್ಕಕ್ಕಿಟ್ಟು, ದಿನಾ ಲೋಡ್ ಮಾಡುವಾಗ ಕಿಚಾಯಿಸುತ್ತಿದ್ದ ದನಿಯಲ್ಲೇ, “ಇವತ್ತು ಒಂದಾ ಚೀಲ ಮೈಲಪ್ಪ. ಹೊರತೈತೆ ಬಿಡು ನಿನ್ನ ಗಾಡಿ” ಅಂದರು. ನಗಬೇಕೆಂದಿದ್ದವರು ಮುಖ ತಿರುಗಿಸಿಕೊಂಡರು.

ಗಾಡಿ ಹೊರಟಿತು. ಹಿಂದೆ ನೀಲಿ ಹೊಗೆ ಬೀದಿಯನ್ನು ತುಂಬಿತು.

*

ಒಂದು ಕಾಲಕ್ಕೆ ಅದೇ ಗಾಡಿ ಮಂಡಿಪೇಟೆಯಿಂದ ಅಕ್ಕಿ ಮೂಟೆ ಹೊರುತ್ತಿತ್ತು. ಹೊಗೆ ನೀಲಿಗೆ ತಿರುಗಿದಾಗ ಹಯಾತ್ ಸಾಬ್ ಎರಡು ದಾರಿ ಹೇಳಿದ್ದರು. ಪಿಸ್ಟನ್ ರಿಂಗ್ ಸವೆದಿವೆ, ಇಂಜಿನ್ ಇಳಿಸಿ ಪೂರಾ ಬಿಚ್ಚಿ ಹೊಸದಾಗಿ ಕಟ್ಟಬೇಕು. ಇಲ್ಲವಾದರೆ ದಪ್ಪ ಆಯಿಲ್ ಸುರಿದು ಸದ್ಯಕ್ಕೆ ದೂಡಬಹುದು. ಮೈಲಪ್ಪ ಆ ‘ಸದ್ಯಕ್ಕೆ’ಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಒಮ್ಮೆ ಬಿಚ್ಚಿದ್ದು ಮೊದಲಿನ ಹಾಗೆ ಕೂಡುವುದಿಲ್ಲ ಎಂಬುದು ಅವನ ನಂಬಿಕೆ. ಮೊದಲು ಕೂಡಿಸಿದ ಕೈಯೇ ಬೇರೆ ಅನ್ನುತ್ತಿದ್ದ.

“ಹಂಗಾದ್ರ ನಾನು ಶೆಡ್ ಯಾಕ ಇಟ್ಕಂಡೀನಿ, ಊದುಬತ್ತಿ ಹಚ್ಚಾಕಾ?” ಎಂದು ಸಾಬ್ ಬೈದಿದ್ದರು. ಬೈದು, ದಪ್ಪ ಆಯಿಲನ್ನೇ ಸುರಿದಿದ್ದರು.

ಇಂಜಿನ್ ಸೋತಷ್ಟೂ ಮೈಲಪ್ಪ ಭಾರ ಇಳಿಸುತ್ತ ಬಂದ. ಅಕ್ಕಿ ಬಿಟ್ಟ, ಬೆಲ್ಲ ಬಿಟ್ಟ, ಕೊನೆಗೆ ಮಂಡಕ್ಕಿಗೆ ಬಂದು ನಿಂತ. ಚೀಲ ನೋಡಲು ಆಳೆತ್ತರ, ಎತ್ತಿದರೆ ಹೂವು. ಹರಿಹರದ ಅಂಗಡಿಗಳಿಗೆ ಅವನ ಗಾಡಿ ಹೊರಟರೆ ತುಂಬಿ ತುಳುಕಿದಂತೆ ಕಾಣುತ್ತಿತ್ತು. ಒಳಗೆ ಎಷ್ಟು ಹಗುರ ಎಂಬುದು ಗೊತ್ತಿದ್ದವರು ಮೂವರೇ: ಅವನು, ಓಬವ್ವ, ಸಾಬ್.

ಅಮಾವಾಸ್ಯೆ ಬಂದರೆ ಓಬವ್ವನೂ ಪಕ್ಕದಲ್ಲಿ ಕೂರುತ್ತಿದ್ದಳು, ಹರಿಹರೇಶ್ವರನಿಗೆ ಹಣ್ಣುಕಾಯಿ ಮಾಡಿಸಲು. ದೊಡ್ಡಬಾತಿಯ ಏರು ಬಂತೆಂದರೆ ಇಂಜಿನ್ ಏದುಸಿರು ಬಿಡುತ್ತಿತ್ತು. ಮೈಲಪ್ಪ ರಸ್ತೆಯನ್ನೇ ನೋಡುತ್ತ ಮೆಲ್ಲಗೆ ಕೇಳುತ್ತಿದ್ದ.

“ಒಂಚೂರು ಇಳಿತೀಯಾ?”

ಇಳಿಯುತ್ತಿದ್ದಳು. ಬಿಸಿಲಾದರೂ ಸರಿ, ಮಂಡಿನೋವಾದರೂ ಸರಿ, ಕಾಯಿಯ ಚೀಲ ಹಿಡಿದು, ನೀಲಿ ಹೊಗೆಯ ಹಿಂದೆ ರಸ್ತೆಯ ಅಂಚಿನಲ್ಲಿ ನಡೆದು ಬರುತ್ತಿದ್ದಳು. ಏರಿನ ನೆತ್ತಿಯಲ್ಲಿ ಅವನು ಇಂಜಿನ್ ಆರಿಸದೆ ಕಾಯುತ್ತಿದ್ದ. ಅವಳು ಹತ್ತುವ ಮೊದಲು ಸೀಟನ್ನು ಹೆಗಲ ಮೇಲಿನ ವಲ್ಲಿಯಿಂದ ಒರೆಸಿಡುತ್ತಿದ್ದ. ತಪ್ಪಾಯಿತು ಅನ್ನಲು ಅವನಿಗೆ ಬರುತ್ತಿದ್ದದ್ದು ಅದೊಂದೇ. ಚೀಲಗಳೆಲ್ಲ ಮೇಲೆ ಕೂತೇ ಇರುತ್ತಿದ್ದವು. ಇಳಿಯುತ್ತಿದ್ದವಳು ಅವಳೊಬ್ಬಳೇ.

*

ಹೋದ ವರ್ಷ ಡಾಕ್ಟರೂ ಎರಡೇ ದಾರಿ ಹೇಳಿದರು. ಎದೆ ತೆರೆದು ಆಪರೇಷನ್ ಮಾಡುವುದು ಒಂದು. ಬೇಡವಾದರೆ ಗುಳಿಗೆಯ ಮೇಲೆ, ಭಾರ ಎತ್ತದೆ, ಆದಷ್ಟು ದಿನ ನಡೆಸುವುದು. ತೆರೆಸುವುದೇ ಒಳ್ಳೆಯದು ಅಂದರು.

“ಬಿಚ್ಚಿದ್ದು ಹಂಗಾ ಕೂಡತೈತಾ ಸಾರ್?” ಎಂದು ಮೈಲಪ್ಪ ಕೇಳಿದ. ಡಾಕ್ಟರು ನಕ್ಕರು. ಅವನು ನಗಲಿಲ್ಲ.

ಹೊರಗಿನ ಬೆಂಚಿನ ಮೇಲೆ ಕೂತು ಹೆಂಡತಿಯನ್ನು ಕೇಳಿದ.

“ನೀನೇನಂತಿ?”

ಓಬವ್ವ ಅವನ ಕಣ್ಣು ನೋಡಿದಳು. ಏರಿನ ಬುಡದಲ್ಲಿ ಇಳಿತೀಯಾ ಎಂದು ಕೇಳುವಾಗ ಅವನು ರಸ್ತೆಯ ಕಡೆ ತಿರುಗಿಸಿ ಬಚ್ಚಿಡುತ್ತಿದ್ದ ಕಣ್ಣುಗಳು ಅವು. ತೆರೆಸ್ರಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು.

“ಸದ್ಯಕ್ಕ ಗುಳಿಗಿ ನುಂಗ್ರಿ,” ಅಂದಳು.

ಅವನ ಮುಖ ಸಡಿಲಾಯಿತು. ಆ ಸಂಜೆ ಅವಳಿಗೆ ಮಿರ್ಚಿ ಮಂಡಕ್ಕಿ ಕೊಡಿಸಿದ. ಮಿರ್ಚಿಯ ಮೇಲಿನ ಹಿಟ್ಟನ್ನಷ್ಟೇ ಮುರಿದು ತಿಂದು, ಖಾರ ಅವಳಿಗೆ ಬಿಟ್ಟ.

ಅಂದಿನಿಂದ ನೀರಿನ ಕೊಡ ಎತ್ತುವುದು ಬಿಟ್ಟ, ಮೊಮ್ಮಗಳನ್ನು ಎತ್ತುವುದು ಬಿಟ್ಟ. ನಿನ್ನೆ ಭಟ್ಟಿಯಲ್ಲಿ, ಲೋಡಾಗುವುದನ್ನು ನೋಡುತ್ತ ನಿಂತಿದ್ದವನು ಒಂದು ಮಂಡಕ್ಕಿ ಚೀಲಕ್ಕೆ ಒರಗಿದ. ಚೀಲ ಅವನ ಭಾರ ತಡೆಯಲಿಲ್ಲ.

*

ಬಾತಿಯ ಏರಿನ ನಡುವೆ ಇಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು.

ಸ್ಟೇರಿಂಗ್ ಹಿಡಿದಿದ್ದ ಅಂಜನಕುಮಾರ ಕೆಳಗಿಳಿದು ತಲೆಯ ಮೇಲೆ ಕೈಯಿಟ್ಟುಕೊಂಡ. ಮುಂದಕ್ಕೆ ಏರು. ಹಿಂದಕ್ಕೆ ಹೋಗುವಂತಿಲ್ಲ. ಬಿಸಿಲು ಆಗಲೇ ಹಳದಿಗೆ ತಿರುಗಿತ್ತು. ಲಾರಿಗಳು ಹಾರ್ನ್ ಹೊಡೆಯುತ್ತ ಬಂದು, ಚಟ್ಟ ಕಂಡೊಡನೆ ಸುಮ್ಮನಾಗಿ ದಾಟಿಹೋದವು. ಈಗಲಾದರೂ ಬೇರೆ ಗಾಡಿ ನಿಲ್ಲಿಸಿರೆಂದು ಯಲ್ಲಕ್ಕ ಗೋಗರೆದಳು. ಅಂಜನಕುಮಾರ ಸಾಬರ ಕೈ ಹಿಡಿದುಕೊಂಡ.

“ಏನಾರ ಮಾಡ್ರಿ ಕಾಕಾ. ಹೊಳಿ ತನಕ ಹೋದ್ರ ಸಾಕು.”

“ನಿಮ್ಮಪ್ಪನೂ ಇದನ್ನೇ ಅಂತಿದ್ದ,” ಅಂದರು ಸಾಬ್. ಸೀಟಿನ ಹಿಂದೆ ಮೈಲಪ್ಪ ಇಟ್ಟಿದ್ದ ಆಯಿಲ್ ಡಬ್ಬಿ ಹೊರಬಂತು. ಇದ್ದದ್ದಷ್ಟನ್ನೂ ಸುರಿದರು. ಈ ಏರು ದಾಟಿದರೆ ಮುಂದೆ ಸಲೀಸು, ಆದರೆ ಭಾರ ಕಡಿಮೆಯಾಗಬೇಕು, ಎಲ್ಲರೂ ಇಳಿಯಿರಿ ಅಂದರು.

ಹೆಗಲು ಕೊಡಲು ಬಂದವರು ಇಳಿದರು. ಯಲ್ಲಕ್ಕ ಇಳಿದಳು. ತಿಪ್ಪೇರುದ್ರಪ್ಪ ಇಳಿದು, ಅರ್ಧ ಖಾಲಿಯಾದ ಮಂಡಕ್ಕಿ ಚೀಲವನ್ನೂ ಇಳಿಸಿಕೊಂಡರು. ಮೇಲೆ ಓಬವ್ವನೊಬ್ಬಳೇ ಉಳಿದಳು, ಅಂಜನಕುಮಾರ ಮತ್ತೆ ಸ್ಟೇರಿಂಗ್ ಹಿಡಿದ. ಇಂಜಿನ್ ಹೊತ್ತಿತು. ಗಾಡಿ ಒಂದು ಮೊಳ ಮುಂದಕ್ಕೆ ಸರಿದು, ಮೈ ನಡುಗಿಸುತ್ತ ಅಲ್ಲೇ ನಿಂತಿತು. ಬಾನೆಟ್ಟಿನಡಿಯಿಂದ ಸುಟ್ಟ ವಾಸನೆ ಏಳತೊಡಗಿತು.

ಹಯಾತ್ ಸಾಬ್ ಹಿಂದಕ್ಕೆ ಬಂದರು. ಎಣ್ಣೆಗೈಗಳನ್ನು ಒರೆಸಿಕೊಳ್ಳುತ್ತ, ಓಬವ್ವನನ್ನು ನೋಡದೆ, ರಸ್ತೆಯನ್ನು ನೋಡುತ್ತ ಕೇಳಿದರು.

“ಅಕ್ಕಾ, ಒಂಚೂರು ಇಳೀರಿ.”

ಮಾತು ಮುಗಿಯುವ ಮೊದಲೇ ಓಬವ್ವ ಎದ್ದಿದ್ದಳು. ಒಂದು ಕಾಲು ಆಗಲೇ ಗಾಡಿಯ ಅಂಚಿಗೆ ಬಂದಿತ್ತು. ಕೆಳಗೆ ಯಲ್ಲಕ್ಕ ಆಸರೆಗೆ ಕೈ ಚಾಚಿದಳು. ರಸ್ತೆಯ ಅಂಚಿನ ಮಣ್ಣಿನ ದಾರಿ ಅಲ್ಲೇ ಇತ್ತು, ಹೊಗೆಯೊಳಗೆ ಮೇಲಕ್ಕೆ ಹೋಗಿತ್ತು. ಈ ಸಲ ನೆತ್ತಿಯಲ್ಲಿ ಸೀಟು ಒರೆಸಿ ಕಾಯುವವರಿಲ್ಲ.

ಅವಳು ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಮೈಲಪ್ಪನ ತಲೆದೆಸೆಗೆ ಹೋಗಿ, ಚಟ್ಟದ ಮೇಲಿದ್ದ ಅವನ ವಲ್ಲಿಯಿಂದ ಹಲಗೆಯ ಮೇಲಿನ ಧೂಳನ್ನು ಒರೆಸಿ, ಆ ಜಾಗದಲ್ಲಿ ಪೂರ್ತಿ ಭಾರ ಬಿಟ್ಟು ಕೂತಳು. ಚಟ್ಟಕ್ಕೆ ಬಿಗಿದ ಹಗ್ಗವನ್ನು ಎರಡೂ ಕೈಯಿಂದ ಹಿಡಿದಳು.

“ಇಳಿಯಲ್ಲ,” ಅಂದಳು.