ಬೆಂಜಿನ ಪಾಲಿಗೆ ಅವ್ವ

ದೊಡ್ಡೋನು ಪಾಲು ಮಾಡಬೇಕು, ಚಿಕ್ಕೋನು ಆರಿಸಿಕೊಳ್ಳಬೇಕು. ರಾಜಘಟ್ಟದ ಆ ಮನೆತನದಲ್ಲಿ ಭಾಗ ಆಗುತ್ತಿದ್ದದ್ದೇ ಹೀಗೆ. ಪಾಲು ಮಾಡುವವನು ಮೋಸ ಮಾಡದಿರಲಿ ಅಂತ ಹಿರಿಯರು ಕಂಡುಕೊಂಡ ದಾರಿ. ಪಾಪ, ಆ ಹಿರಿಯರಿಗೆ ಈಗಿನ ದೊಡ್ಡೋನು ಅನಿಲ್‌ಕುಮಾರ್ ಗೊತ್ತಿರಲಿಲ್ಲ ನೋಡಿ!

ಮನೆ, ಜಮೀನು ಎಲ್ಲ ಆಗಲೇ ಸರಿಸಮ ಹಂಚಿಹೋಗಿತ್ತು. ಉಳಿದದ್ದು, ತೀರಿಕೊಂಡ ಅಪ್ಪ ಅಪ್ಪಯ್ಯಣ್ಣ ಮಕ್ಕಳಿಗಿಂತ ಹೆಚ್ಚಾಗಿ ಸಾಕಿದ್ದ ಎರಡು ಹಳೇ ಕಾರು: ಇಂಗ್ಲೆಂಡಿನ ಜಾಗ್ವಾರ್, ಜರ್ಮನಿಯ ಬೆಂಜ್. ತೋಟದ ಶೆಡ್ಡಿನಲ್ಲಿ ಅವುಗಳ ಮುಂದೆ ಕುರ್ಚಿ ಹಾಕಿಸಿಕೊಂಡು ಸೋದರಮಾವ ದೊಡ್ಡಬೀರಪ್ಪ ಕೂತಿದ್ದ. ಗೋಡೆಗೊರಗಿ ಅವ್ವ ವರಲಕ್ಷ್ಮಮ್ಮ ನಿಂತಿದ್ದಳು.

"ಎರಡರಲ್ಲಿ ಯಾವ್ದು ಹೆಚ್ಚು, ಯಾವ್ದು ಕಮ್ಮಿ ಹೇಳ್ರಪ್ಪಾ" ಅಂದ ಮಾವ.

ಅಣ್ಣತಮ್ಮ ಇಬ್ಬರಿಗೂ ಅಪ್ಪನ ಮಾತು ಬಾಯಿಪಾಠ. ನೋಡುವುದಕ್ಕೆ ಜಾಗ್ವಾರ್: ಉದ್ದನೆಯ ಮೂತಿ, ಹೊಳೆಯುವ ಮರದ ಡ್ಯಾಶ್‌ಬೋರ್ಡು, ಒಳಗೆ ಕೂತರೆ ಹಳೇ ಚರ್ಮದ ವಾಸನೆ. ಓಡಿಸುವುದಕ್ಕೆ ಬೆಂಜ್: ಗಟ್ಟಿ ಮೈ, ಬೇಕಾದ ಬಿಡಿಭಾಗ ಇವತ್ತಿಗೂ ತರಿಸಬಹುದು, ಬಾಗಿಲು ಹಾಕಿದರೆ ತಿಜೋರಿ ಮುಚ್ಚಿದ ಹಾಗೆ ದಪ್ ಅನ್ನುವ ಸದ್ದು. ಹಳೇ ಕಾರಿನ ಹುಚ್ಚಿರುವವರು ಎರಡಕ್ಕೂ ಬಾಯಿ ಬಿಡುತ್ತಾರೆ. ಆದರೆ ಚಿಕ್ಕೋನು ಬೈರೇಶ ಅಪ್ಪನ ಪಕ್ಕ ಕೂತು ಡ್ರೈವಿಂಗ್ ಕಲಿತದ್ದು ಬೆಂಜಿನಲ್ಲಿ. ಅದರ ಮೇಲೆ ಅವನಿಗೆ ಪ್ರಾಣ. ಅನಿಲನಿಗೂ ಬೇಕಿದ್ದದ್ದು ಅದೇ.

ಅನಿಲ ಗಂಟಲು ಸರಿಮಾಡಿಕೊಂಡ. "ಪಾಲು ಮಾಡಿದೀನಿ ಮಾವ. ಒಂದ್ಕಡೆ ಜಾಗ್ವಾರ್. ಇನ್ನೊಂದ್ಕಡೆ ಬೆಂಜು, ಅದ್ರ ಜೊತೆ ಅವ್ವ. ಬೆಂಜ್ ತಗೊಂಡೋನು ಅವ್ವನ್ನ ನೋಡ್ಕೋಬೇಕು. ಆರಿಸ್ಕೊಳ್ಳೋ ಬೈರೇಶ."

ಎಂಥ ಕಿಲಾಡಿ! ಬೈರೇಶನ ಹೆಂಡತಿ ಶಶಿರೇಖಾಗೂ ಅತ್ತೆಗೂ ಎಣ್ಣೆ ಸೀಗೇಕಾಯಿ ಅಂತ ಊರಿಗೇ ಗೊತ್ತು. ತಮ್ಮ ಹೆದರಿ ಹಿಂದೆ ಸರಿಯುತ್ತಾನೆ, ಬೆಂಜ್ ತನಗೇ ಉಳಿಯುತ್ತೆ ಅನ್ನುವುದು ಇವನ ಲೆಕ್ಕಾಚಾರ.

ಬೈರೇಶ ಸಿಕ್ಕಿಬಿದ್ದ. ಜಾಗ್ವಾರ್ ಅಂದರೆ ಹೆತ್ತವಳನ್ನು ಬೇಡ ಅಂದ ಹಾಗೆ. ಬೆಂಜ್ ಅಂದರೆ ಕಾರಿನ ಆಸೆಗೆ ಅವಳನ್ನು ಒಪ್ಪಿಕೊಂಡ ಹಾಗೆ. ಅತ್ತ ದರಿ, ಇತ್ತ ಪುಲಿ. ಅವ್ವ ಅವನ ಮುಖವನ್ನೇ ನೋಡುತ್ತಿದ್ದಳು. ಆ ನೋಟ ತಡೆಯಲಾಗದೆ ಅವನು ಬಾಯಿ ತೆರೆದ.

"ಬೆಂಜ್" ಅಂದುಬಿಟ್ಟ.

ಅಯ್ಯೋ, 'ಅವ್ವ' ಅಂದಿದ್ದರೆ ಏನಾಗುತ್ತಿತ್ತು! ನಾಲಿಗೆ ಕಚ್ಚಿಕೊಂಡ. ಮಾತು ಆಗಲೇ ಹೊರಗೆ ಬಿದ್ದಿತ್ತು. ಅನಿಲ ಮುಖ ಸಿಂಡರಿಸಿಕೊಂಡು ಬೆಂಜಿನ ಕೀ ತಂದು ಅವನ ಕೈಗೆ ಹಾಕಿದ.

"ಅವ್ವಾ, ನಿನ್ಗೋಸ್ಕರಾನೇ ಕಣವ್ವಾ ನಾನು..." ಅಂದ ಬೈರೇಶ.

"ಹಂಗಾದ್ರೆ ಕೀ ನಿಮ್ಮಣ್ಣಂಗೆ ಕೊಟ್ಬಿಡು ಮಗಾ" ಅಂದಳು ವರಲಕ್ಷ್ಮಮ್ಮ. ದನಿಯಲ್ಲಿ ಕೋಪವಿರಲಿಲ್ಲ. "ಎರಡೂ ಅವನೇ ಇಟ್ಕೊಳ್ಳಿ. ನಾವಿಬ್ರೂ ಬಸ್ಸಲ್ಲಿ ಹೋಗಣ."

ಅನಿಲ ತಟ್ಟನೆ ಕೈ ಚಾಚಿದ. ಮಾವ ಕುರ್ಚಿಯ ತುದಿಗೆ ಬಂದ. ಕೊಡು, ಕೊಟ್ಟುಬಿಡು ಅಂತ ಬೈರೇಶನ ಮನಸ್ಸು ಬಡಿದುಕೊಳ್ಳುತ್ತಿತ್ತು. ಬೆರಳು ಮಾತ್ರ ಬಿಚ್ಚಲಿಲ್ಲ. ನಾಚಿಕೆಗೆ ಭೂಮಿಯಾದರೂ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ.

ಅವ್ವ ಆ ಬಿಗಿಮುಷ್ಟಿ ನೋಡಿದಳು. ಆಮೇಲೆ ತಾನೇ ಹೋಗಿ ಬೆಂಜಿನ ಹಿಂದಿನ ಸೀಟಿನಲ್ಲಿ ಕೂತು, ಸೆರಗು ಒಳಗೆ ಎಳೆದುಕೊಂಡಳು.

"ಬಾಗ್ಲು ಹಾಕಪ್ಪಾ" ಅಂದಳು.

ಬೈರೇಶ ಹಾಕಿದ. ಅಪ್ಪ ಮೆಚ್ಚುತ್ತಿದ್ದ ಅದೇ ತಿಜೋರಿ ಸದ್ದು ಬಂತು.