ಹದಿನೇಳರ ಪಂಕಾ

ಬೋಟ್ ಹೇರಿದ್ದ ಟ್ರೇಲರನ್ನು ನಾಲ್ಕು ಜನ ಸೇರಿ ಬೇವಿನ ಗಿಡದ ಕಡೆ ತಳ್ಳುತ್ತಿದ್ದರು. ಆಸ್ಪತ್ರೆಯಿಂದ ಯಮನಪ್ಪನ ಹೆಣ ತಂದ ಗಾಡಿಗೆ ಗೋಪನಕೊಪ್ಪದ ಆ ಓಣಿಯಲ್ಲಿ ಒಳಗೆ ಬರಲು ಜಾಗವಿರಲಿಲ್ಲ.

"ಕೆರಿ ಇಲ್ಲದ ಓಣ್ಯಾಗ ಬೋಟ್ ತಂದು ನಿಂದ್ರಿಸಿದಾವ ಇವನೊಬ್ಬನ ನೋಡ್ರಿ," ಎಂದ ಸತ್ತವನ ತಮ್ಮ ಗೋವಿಂದಪ್ಪ, ಮೂಗು ಒರೆಸಿಕೊಳ್ಳುತ್ತ. "ಹೋಗೂ ಹೊತ್ತಿನ್ಯಾಗೂ ಅಡ್ಡ ಇಟ್ಟಾನ."

ಯಮನಪ್ಪ ಮೊದಲು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಆಮೇಲೆ ಕಾಳಿ ನದಿಯ ಹಿನ್ನೀರಿನ ಬೋಟುಗಳ ಎಂಜಿನ್ನುಗಳು ಅವನ ಕೈಗೆ ಬಂದವು. ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಮೂವತ್ತು ವರ್ಷ ಅದೇ ಕೆಲಸ. ಮಗಳು ಸುಮಲತಾ ಹತ್ತು ವರ್ಷದಿಂದ ಜೊತೆಗಿದ್ದಳು.

ಬೋಟಿನ ಮಾಲಕ ಜುಲ್ಫಿಕಾರ ಅದನ್ನು ಒಯ್ಯಲು ಬಂದವನು, ಸುದ್ದಿ ಕೇಳಿ ಮಣ್ಣಿಗೆ ನಿಂತಿದ್ದ.

"ಮಣ್ಣು ಮುಗಿಸ್ಕೊಂಡ ಹೊಂಡತೇನಿ, ತಂಗಿ. ನಾಳೆ ಮುಂಜಾನಿ ಮೊದಲನೇ ಟ್ರಿಪ್ ಐತಿ, ಆರು ಮಂದಿ. ಯಮನಪ್ಪಣ್ಣ ಹೇಳಿದ್ದ ಪಂಕಾನ ಹಾಕೀಯಲ್ಲಾ?"

"ಹಾಕೇನಿ."

ಎಂಜಿನ್ನಿನ ತುದಿಯಲ್ಲಿ, ನೀರು ತಳ್ಳಿ ಬೋಟ್ ಓಡಿಸುವ ಮೂರು ಎಸಳಿನ ಪಂಕಾ ಹೊಳೆಯುತ್ತಿತ್ತು. ಅದರ ನಡುವೆ ಹತ್ತೊಂಬತ್ತು ಎಂಬ ಅಂಕಿ ಕೊರೆದಿತ್ತು. ಸುಮಲತಾ ಆ ಕಡೆ ನೋಡಲಿಲ್ಲ.

*

ನಾಲ್ಕು ದಿನದ ಹಿಂದೆ, ಸತ್ತೂರಿನ ಆಸ್ಪತ್ರೆಯಲ್ಲಿ, ಅವಳು ಅಪ್ಪನ ಕಿವಿಯ ಹತ್ತಿರ ಫೋನ್ ಹಿಡಿದಿದ್ದಳು.

"ಯಾವ ಪಂಕಾ ಹಾಕಸ್ಲಿ ಅಣ್ಣಾ?" ಎಂದು ಆ ಕಡೆಯಿಂದ ಜುಲ್ಫಿಕಾರ ಕೇಳಿದ.

ಮೊದಲಾದರೆ ಯಮನಪ್ಪ ಬೋಟಿನ ಉದ್ದಕ್ಕಿಂತ ಮುಂಚೆ, ಎಷ್ಟು ಮಂದಿ ಕೂಡುತ್ತಾರೆ ಎಂದು ಕೇಳುತ್ತಿದ್ದ. ಪಂಕಾದ ಮೇಲಿನ ಅಂಕಿ, ಒಂದು ಸುತ್ತಿಗೆ ಅದು ಬೋಟನ್ನು ಎಷ್ಟು ಇಂಚು ಮುಂದೆ ಒಯ್ಯಬೇಕು ಎಂಬುದರ ಅಳತೆ. ಅಂಕಿ ದೊಡ್ಡದಿದ್ದರೆ ಖಾಲಿ ಬೋಟ್ ಹಾರುತ್ತದೆ. ತುಂಬಿದ ಬೋಟಿನಲ್ಲಿ ಅದೇ ಅಂಕಿಗೆ ಎಂಜಿನ್ನು ಏದುಸಿರು ಬಿಡುತ್ತದೆ. ಇದನ್ನು ಅವಳಿಗೆ ಕಲಿಸಿದವನು ಅವನೇ.

ಅವನು ಕೇಳಲಿ ಎಂದು ಅವಳು ಕಾದಳು. ಅವನು ಕೇಳಲಿಲ್ಲ.

"ಹತ್ತೊಂಬತ್ತರದು," ಎಂದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ಶೆಡ್ಡಿನಲ್ಲಿ ಕೂತವನ ಠೀವಿ ಬಂದಿತ್ತು. "ಬರಕೋ, ಸುಮಿ."

"ಹೂಂ ಅಪ್ಪಾ."

ಬರೆದುಕೊಂಡಳು. ಮರುದಿನ ಹಾಗೆಯೇ ಕೂಡಿಸಿದಳು.

*

ಮಣ್ಣು ಕೊಟ್ಟು ಬಂದವರು ಕಾಲು ತೊಳೆದು, ಹೆಣವಿಟ್ಟಿದ್ದ ಜಾಗದ ದೀಪ ನೋಡಿ, ಅಂಗಳದಲ್ಲಿ ಕೂತರು. ಜುಲ್ಫಿಕಾರ ಟ್ರೇಲರಿನ ಕೊಂಡಿಯನ್ನು ಜೀಪಿಗೆ ಸಿಕ್ಕಿಸಿದ.

"ಸ್ವಲ್ಪ ನಿಂದರ್ರಿ, ಜುಲ್ಫಿಕಾರಣ್ಣ," ಎಂದಳು ಸುಮಲತಾ. "ನಾ ತಪ್ಪು ಪಂಕಾ ಹಾಕೇನಿ. ಹದಿನೇಳರದು ಬೇಕು. ಬದಲಿ ಮಾಡಿ ಕೊಡ್ತೇನಿ."

"ನೀ ಏನ ತಪ್ಪು ಹಾಕೀ? ಅವ ನನ್ನ ಕಿವ್ಯಾಗ ಹೇಳ್ಯಾನ, ಹತ್ತೊಂಬತ್ತು ಅಂತ. ಇಷ್ಟ ವರ್ಷದಾಗ ಒಂದ ಸಲಾನೂ ತಪ್ಪಿದಾವ ಅಲ್ಲ. ಅವನ ಕಡೀ ಮಾತು ಅದು. ಕೈ ಹಚ್ಚಬ್ಯಾಡ."

"ಅಪ್ಪಗಿಂತ ಶಾಣ್ಯಾಕಿ ಆದೇನ, ಇವತ್ತ?" ಎಂದ ಗೋವಿಂದಪ್ಪ.

ಬಾಗಿಲಲ್ಲಿ ಕೂತಿದ್ದ ತಾಯಿ ದುರಗವ್ವ, "ಸುಮಿ, ಸುಮ್ಮನಿರು," ಎಂದಳು.

ತಪ್ಪನ್ನು ತನ್ನ ಮೇಲೆ ಹಾಕಿಕೊಂಡರೆ ಸಾಕು ಎಂದುಕೊಂಡಿದ್ದಳು. ಅದನ್ನು ಯಾರೂ ಒಪ್ಪಲಿಲ್ಲ.

"ಅಪ್ಪ ತಪ್ಪು ಹೇಳಿದ," ಎಂದಳು. "ಎಷ್ಟು ಮಂದಿ ಅಂತ ಕೇಳಲಿಲ್ಲ ಅವ. ನನಗ ಗೊತ್ತಾತು. ಅವನ ಮಾರಿ ನೋಡಿ ಬಾಯಿ ಬಿಡಲಿಲ್ಲ. ಆರು ಮಂದಿ ಕುಂತ್ರ ಎಂಜಿನ್ ಎಳಿಯೂದಿಲ್ಲ, ಕಾದು ನಡುನೀರಾಗ ನಿಂದರ್ತೈತಿ."

"ಮಣ್ಣ ಇನ್ನೂ ಹಸಿ ಐತಿ, ಸುಮಿ," ಎಂದ ಗೋವಿಂದಪ್ಪ.

"ಗೊತ್ತೈತಿ, ಕಾಕಾ."

ಜುಲ್ಫಿಕಾರ ಜೀಪಿನ ಕೀಲಿ ಕಿಸೆಗೆ ಹಾಕಿಕೊಂಡ.

ಅವಳು ಶೆಡ್ಡಿನಿಂದ ಹದಿನೇಳರ ಪಂಕಾ, ನಟ್ಟು ಬಿಚ್ಚುವ ಪಾನಾ ತಂದಳು. ಪಾನಾ ಎಳೆದಾಗಲೆಲ್ಲ ನಟ್ಟಿನೊಂದಿಗೆ ಪಂಕಾವೂ ತಿರುಗುತ್ತಿತ್ತು. ತಿರುಗದ ಹಾಗೆ ಅಡ್ಡ ಕೊಡುವ ಕಟ್ಟಿಗೆಯ ತುಂಡು ಹುಡುಕಿದಳು. ಹೆಣ ತೊಳೆಯುವ ನೀರು ಕಾಯಿಸಲು ಯಾರೋ ಅದನ್ನೂ ಒಲೆಗೆ ಹಾಕಿದ್ದರು.

ಯಾರೂ ಏಳಲಿಲ್ಲ. ಅವಳು ಮತ್ತೆ ಎಳೆದಳು. ಪಂಕಾ ಮತ್ತೆ ತಿರುಗಿತು.

ದುರಗವ್ವ ಬಾಗಿಲಿನಿಂದ ಎದ್ದು ಬಂದಳು. ಮಗಳ ಮುಖ ನೋಡಲಿಲ್ಲ. ಟ್ರೇಲರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಸೆರಗನ್ನು ಅಂಗೈಗೆ ಸುತ್ತಿಕೊಂಡು, ಎರಡು ಎಸಳುಗಳನ್ನು ಬಿಗಿಯಾಗಿ ಹಿಡಿದಳು. ಆ ಮಧ್ಯಾಹ್ನವಷ್ಟೇ ಬಳೆ ಒಡೆದ ಮಣಿಕಟ್ಟಿನ ಮೇಲೆ, ಬಿಸಿಲು ಕಾಣದ ಚರ್ಮದ ಬೆಳ್ಳನೆಯ ಪಟ್ಟಿ ಎದ್ದು ಕಾಣುತ್ತಿತ್ತು.