ಇಲ್ಲದ್ದರ ಚಿತ್ರ

ಗೋಡೆಗೆ ಅಂಟಿಸಿದ್ದ ಹನ್ನೊಂದು ಚಿತ್ರಗಳಲ್ಲಿ ಒಂಬತ್ತನೆಯದರ ಮುಂದೆ ಮಾರ್ಯತ್ತಾ ನಿಂತುಬಿಟ್ಟಳು.

ಹೈಸ್ಕೂಲಿನ ಮಕ್ಕಳಿಗೆ ಅವಳು ಕೊಟ್ಟಿದ್ದ ಕೆಲಸ ಒಂದೇ ಮಾತಿನದು: ಇಲ್ಲದ್ದನ್ನು ತೋರಿಸಿ. ಕಂಪ್ಯೂಟರಿನಲ್ಲಿ ಏನನ್ನೂ ಅಳಿಸಬಾರದು. ಬೇಡದ್ದೇನಾದರೂ ಇದ್ದರೆ ಕ್ಯಾಮೆರಾದ ಮುಂದಿನಿಂದಲೇ ತೆಗೆಯಬೇಕು. ಇಪ್ಪತ್ತೆಂಟು ವರ್ಷಗಳಿಂದ ಫೋಟೊಗ್ರಫಿ ತರಗತಿಯಲ್ಲಿ ಅವಳು ಹೇಳಿಕೊಟ್ಟ ಪಾಠ ಇದೇ.

ಅಲ್ಲಿಯವರೆಗೆ ಮಕ್ಕಳು ನಗುತ್ತಿದ್ದರು. ಪಿಹ್ಲಾ ಎಂಬ ಹುಡುಗಿ ಖಾಲಿ ಬಟ್ಟಲಿನ ಚಿತ್ರ ತಂದಿದ್ದಳು.

"ಸ್ಕೂಲಿನ ಬಟಾಣಿ ಸೂಪಲ್ಲಿರೋ ಮಾಂಸ, ಟೀಚರ್. ಎಷ್ಟು ಹುಡುಕಿದ್ರೂ ಸಿಗಲಿಲ್ಲ."

"ಇವತ್ತು ಗುರುವಾರ, ಸೂಪೇ ಇತ್ತಲ್ಲ. ಇನ್ನೊಂದ್ಸಲ ಹುಡುಕಬೇಕಿತ್ತು," ಎಂದಿದ್ದಳು ಮಾರ್ಯತ್ತಾ.

ಒಂಬತ್ತನೆಯದು ತೂಲಿಯದು. ಬಿಳಿಯ ಹೆಪ್ಪುಗಟ್ಟಿದ ಸರೋವರ, ಬಿಳಿಯ ಆಕಾಶ, ನಡುವೆ ಒಂದು ಮಸುಕು ಬೂದು ವೃತ್ತ. ಕೆಳಗೆ ಪೆನ್ಸಿಲಿನಲ್ಲಿ ಒಂದು ಹೆಸರು: ಉರ್ಹೋ.

ಉರ್ಹೋ ಮಾರ್ಯತ್ತಾಳ ಗಂಡ. ಅಕ್ಟೋಬರಿನಲ್ಲಿ ತೀರಿಕೊಂಡಿದ್ದ. ಸರೋವರ ಗಟ್ಟಿಯಾದೊಡನೆ ನಡುವಿನ ದ್ವೀಪದಿಂದ ದಡದವರೆಗಿನ ದಾರಿಯುದ್ದಕ್ಕೂ, ಮೀನುಬಲೆ ಇಳಿಸಲು ಮಂಜುಗಡ್ಡೆಯಲ್ಲಿ ಕೊರೆದ ಕಂಡಿಯ ಸುತ್ತಲೂ ಸ್ಪ್ರೂಸ್ ಮರದ ಕೊಂಬೆಗಳನ್ನು ನೆಡುವುದು ಮೂವತ್ತು ಚಳಿಗಾಲ ಅವನ ಕೆಲಸವಾಗಿತ್ತು. ಸಾಲು ಹಿಡಿದು ನಡೆಯಬೇಕು, ಕೊಂಬೆಯ ಬೇಲಿ ಕಂಡರೆ ಸುತ್ತಿ ಹೋಗಬೇಕು. ಊರಿನವರಿಗೆ ಅಷ್ಟು ಗೊತ್ತಿದ್ದರೆ ಸಾಕಿತ್ತು.

"ಅವರಿಲ್ಲ ಅಂತ ಹೇಗೆ ತೋರಿಸೋದು ಅಂತ ತುಂಬಾ ಯೋಚಿಸ್ದೆ," ತೂಲಿ ನೆಲ ನೋಡುತ್ತ ಹೇಳಿದಳು. "ಅವರಿಲ್ಲ ಅಂದ್ರೆ ಕೊಂಬೆಗಳೂ ಇರಬಾರದು ಅಲ್ವಾ ಅನ್ನಿಸ್ತು."

ಮಾರ್ಯತ್ತಾಳ ಕಣ್ಣು ತುಂಬಿತು. ಈ ನಾಲ್ಕು ತಿಂಗಳಲ್ಲಿ ಇಷ್ಟು ಸರಿಯಾದ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ, ಪಾದ್ರಿಯೂ ಹೇಳಿರಲಿಲ್ಲ. ಚೆನ್ನಾಗಿದೆ ಎನ್ನಲು ಬಾಯಿ ತೆರೆದಳು. ಆಗ ಆ ಬೂದು ವೃತ್ತ ಏನೆಂದು ಹೊಳೆಯಿತು. ಅದು ಕಂಡಿ.

"ಕೊಂಬೆಗಳು ಎಲ್ಲಿ, ತೂಲಿ?"

"ಚಿತ್ರದಲ್ಲಿ ಬರೋವಷ್ಟನ್ನೂ ಕಿತ್ತೆ. ಅಳಿಸಬಾರದು ಅಂತ ನೀವೇ ಹೇಳಿದ್ರಲ್ಲ."

"ವಾಪಸ್ ನೆಟ್ಟೆ ತಾನೆ?"

ಹುಡುಗಿಯ ಮುಖ ಬಿಳುಚಿತು. "ನಿನ್ನೆ ಕತ್ತಲಾಗ್ತಿತ್ತು, ಬಸ್ಸು ಬಂದ್ಬಿಡ್ತು. ಬೆಳಗ್ಗೆ ನೆಡೋಣ ಅಂದ್ಕೊಂಡೆ. ಬೆಳಗ್ಗೆ ಎಚ್ಚರ ಆಗಲಿಲ್ಲ."

ಗುರುವಾರ ಎರಡು ಗಂಟೆಗೆ ದಡದ ಊರಿನಲ್ಲಿ ಪ್ರಾರ್ಥನಾ ಕೂಟ. ದ್ವೀಪದ ಸೈಮಾಗೆ ಎಂಬತ್ತೊಂಬತ್ತು ವರ್ಷ, ಕಣ್ಣು ಮಂಜು. ಕಾಲಿನಿಂದ ತಳ್ಳುವ ಜಾರುಬಂಡಿ ಹಿಡಿದು ಅವಳು ಒಂದು ಗಂಟೆಗೇ ಮನೆ ಬಿಡುತ್ತಿದ್ದಳು. ಗೋಡೆಯ ಗಡಿಯಾರ ಒಂದೂಕಾಲು ತೋರಿಸುತ್ತಿತ್ತು. ಸೈಮಾಳ ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ.

ಮಾರ್ಯತ್ತಾ ತೂಲಿಯನ್ನು ಕರೆದುಕೊಂಡು ಕಾರು ಹೊರಡಿಸಿದಳು. ದೇವರನ್ನು ಬೇಡಲು ನೋಡಿದಳು. ನಾಲಿಗೆಗೆ ಬಂದದ್ದು ತಾನೇ ಹೇಳಿಕೊಟ್ಟ ಪಾಠ: ಬೇಡದ್ದನ್ನು ತೆಗೆಯಿರಿ.

"ಅಪಾಯ ಅಂತ ಗೊತ್ತಿತ್ತು, ಟೀಚರ್. ಚಿತ್ರ ಚೆನ್ನಾಗಿ ಬಂತಲ್ಲ, ಆ ಖುಷೀಲಿ ಮರ್ತೆ," ಎಂದಳು ತೂಲಿ. "ಈ ವರ್ಷ ಆ ಕೊಂಬೆಗಳ್ನ ಪಕ್ಕದ ಮನೆಯವರು ಯಾರೋ ನೆಟ್ಟಿರ್ತಾರೆ ಅಂದ್ಕೊಂಡಿದ್ದೆ..."

"ಈ ವರ್ಷ ನೆಟ್ಟಿದ್ದು ನಾನು."



ಕೊಂಬೆಗಳು ದಡದಲ್ಲಿ ಬೋರಲು ಹಾಕಿದ್ದ ದೋಣಿಯ ಪಕ್ಕ ರಾಶಿಯಾಗಿ ಬಿದ್ದಿದ್ದವು. ರಾತ್ರಿ ಕಂಡಿಯ ನೀರು ತೆಳುವಾಗಿ ಹೆಪ್ಪುಗಟ್ಟಿ, ಮೇಲೆ ಹಿಮ ಸುರಿದು, ಅದು ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಅದರಾಚೆ, ಬಿಳಿಯ ನಡುವೆ, ಒಂದು ಕಪ್ಪು ಚುಕ್ಕೆ ಇತ್ತು. ಮಾರ್ಯತ್ತಾ ಕೂಗಿದಳು. ಚುಕ್ಕೆ ಅಲುಗಲಿಲ್ಲ. ಇಬ್ಬರೂ ತೋಳಿನ ತುಂಬ ಕೊಂಬೆ ಹೊತ್ತು, ಕಂಡಿಯಿದ್ದ ಜಾಗವನ್ನು ಅಂದಾಜಿನ ಮೇಲೆ ದೂರದಿಂದಲೇ ಬಳಸಿ ಓಡಿದರು.

ಸೈಮಾ, ತೂಲಿ ಕೀಳದೆ ಬಿಟ್ಟಿದ್ದ ಕೊನೆಯ ಕೊಂಬೆಯ ಹತ್ತಿರ, ಜಾರುಬಂಡಿಯ ಪೀಠದ ಮೇಲೆ, ಮೊಣಕಾಲಿಗೆ ಕಂಬಳಿ ಹೊದ್ದು ಕುಳಿತಿದ್ದಳು. ಮಡಿಲಲ್ಲಿ ಕೀರ್ತನೆಯ ಪುಸ್ತಕ. ಕಂಡಿ ಅಲ್ಲಿಂದ ಇಪ್ಪತ್ತು ಹೆಜ್ಜೆ.

"ಬಂದ್ಯಾ ಮಾರ್ಯತ್ತಾ. ಕೊಂಬೆ ಇಲ್ಲಿಗೆ ಮುಗಿದುಹೋಯ್ತು ನೋಡು, ಅದಕ್ಕೇ ಕೂತೆ. ಉರ್ಹೋ ಬಂದು ಮಿಕ್ಕಿದ್ದು ನೆಡಲಿ ಅಂತ. ಅರ್ಧಕ್ಕೆ ಬಿಟ್ಟು ಹೋಗೋನಲ್ಲ ಅವನು. ಇವತ್ತೇನು, ಹೊದ್ದು ಮಲಗಿದಾನಾ?"

ಉರ್ಹೋನನ್ನು ಮಣ್ಣು ಮಾಡಿದ ದಿನ ಸೈಮಾ ಎರಡನೆಯ ಬೆಂಚಿನಲ್ಲಿ ಕುಳಿತು ಕೊನೆಯ ಕೀರ್ತನೆಯವರೆಗೂ ಹಾಡಿದ್ದಳು. ಮಾರ್ಯತ್ತಾ ಉಸಿರು ಸುಧಾರಿಸಿಕೊಂಡಳು.

"ಇನ್ನೊಂದು ಹತ್ತು ನಿಮಿಷ ಕೂತಿರಿ, ಸೈಮಮ್ಮ. ನಾವು ನೆಟ್ಬಿಡ್ತೀವಿ."

"ನಿಧಾನವಾಗಿ ನೆಡ್ರಿ. ದೇವರು ಎಲ್ಲಿಗೂ ಹೋಗಲ್ಲ. ಅಲ್ಲಿ ಕಾಫಿ ಮಾತ್ರ ಆರಿಹೋಗುತ್ತೆ."

ತೂಲಿ ಮಂಡಿಯೂರಿ ಬರಿಗೈಯಿಂದ ಹಿಮ ಸರಿಸಿ, ನಿನ್ನೆ ತಾನು ಕಿತ್ತ ಕೊಂಬೆಗಳ ತೂತುಗಳನ್ನು ಒಂದೊಂದಾಗಿ ಹುಡುಕಿದಳು. ಅವಳ ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮಾರ್ಯತ್ತಾ ಕೊಂಬೆ ಇಟ್ಟು ಬುಡಕ್ಕೆ ಹಿಮ ತುಂಬಿ ಮೆಟ್ಟಿದಳು. ಸಾಲು ದಡ ಮುಟ್ಟಿತು, ಕಂಡಿಯ ಸುತ್ತ ಹಸಿರು ಬೇಲಿ ಎದ್ದಿತು.

ಸೈಮಾ ಎದ್ದು ಜಾರುಬಂಡಿ ತಳ್ಳಿದಳು. ಪ್ರತಿ ಕೊಂಬೆಯ ಬಳಿ ಬಂದಾಗಲೂ ಒಂದು ಕೈ ಬಿಡಿಸಿ ಅದರ ತುದಿಯನ್ನು ಮುಟ್ಟುತ್ತ ಹೋದಳು. ಮುಟ್ಟಿದ ಕೊಂಬೆ ಒಂದಿಷ್ಟು ಹೊತ್ತು ಅಲ್ಲಾಡಿ ನಿಲ್ಲುತ್ತಿತ್ತು.